ಸಾಮ್ರಾಜ್ಯ ಕಾಲದ ರಷ್ಯಾದ ಬೆಳ್ಳಿ ನಾಣ್ಯಗಳ ಸಂಗ್ರಹ: ಅಂಚಿನಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

ರಷ್ಯಾದ ಕೊನೆಯ ತ್ಸಾರ್ (ಚಕ್ರವರ್ತಿ) ಎರಡನೇ ನಿಕೊಲಸ್ ಕಾಲದ ಒಂದು ಬೆಳ್ಳಿ ರೂಬಲ್ ಕೈಗೆ ಬಂದರೆ ಬಹುತೇಕರು ಮೊದಲು ನೋಡುವುದು ತ್ಸಾರ್‌ನ ಮುಖವನ್ನು, ಆಮೇಲೆ ಎರಡು ತಲೆಯ ಹದ್ದನ್ನು. ಅನುಭವಿ ಸಂಗ್ರಹಕಾರ ಮಾತ್ರ ನಾಣ್ಯವನ್ನು ಎರಡು ಬೆರಳುಗಳ ನಡುವೆ ನಿಲ್ಲಿಸಿ ಅಂಚನ್ನು ತಿರುಗಿಸುತ್ತಾನೆ. ಆ ಕಿರಿದಾದ ಪಟ್ಟಿಯ ಮೇಲೆ ರಷ್ಯನ್ ಅಕ್ಷರಗಳಲ್ಲಿ ‘ಶುದ್ಧ ಬೆಳ್ಳಿ 4 ಜೊಲೊಟ್ನಿಕ್ 21 ದೋಲ್ಯ’ ಎಂದು ಬರೆದಿರುತ್ತದೆ (ಇವೆರಡೂ ರಷ್ಯಾದ ಹಳೆಯ ತೂಕದ ಅಳತೆಗಳು). ಅದರ ಪಕ್ಕದಲ್ಲೇ ಟಂಕಸಾಲೆಯ ಅಧಿಕಾರಿಯ ಹೆಸರಿನ ಮೊದಲಕ್ಷರಗಳು ಅಥವಾ ಪುಟ್ಟ ನಕ್ಷತ್ರಗಳು ಇರುತ್ತವೆ. ನಾಣ್ಯದಲ್ಲಿ ಎಷ್ಟು ಬೆಳ್ಳಿ ಇದೆ, ಅದು ಎಲ್ಲಿ ತಯಾರಾಯಿತು, ಯಾರ ಹೊಣೆಯಲ್ಲಿ ತಯಾರಾಯಿತು ಎಂಬುದೆಲ್ಲ ಅಲ್ಲಿದೆ. ನಕಲಿ ಮಾಡುವವನು ಹೆಚ್ಚಾಗಿ ಎಡವುವುದೂ ಅಲ್ಲೇ. ಆದ್ದರಿಂದ ಈ ಹವ್ಯಾಸಕ್ಕೆ ಬರುವವರಿಗೆಲ್ಲ ನಾನು ಹೇಳುವುದು ಒಂದೇ: ಮುಖ ನೋಡಿ ಮರುಳಾಗುವ ಮೊದಲು ಅಂಚನ್ನು ಓದಲು ಕಲಿಯಿರಿ.

ಮೊದಲ ಹೆಜ್ಜೆ: ಕಾಲಘಟ್ಟಗಳನ್ನು ತೂಕದಿಂದ ಗುರುತಿಸಿ

ರಷ್ಯಾದ ಬೆಳ್ಳಿ ನಾಣ್ಯಗಳ ಇತಿಹಾಸವನ್ನು ರಾಜರ ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡಬೇಕಿಲ್ಲ. ತೂಕ ಮತ್ತು ಪರಿಶುದ್ಧತೆಯ ಕಥೆಯಾಗಿ ಓದಿಕೊಂಡರೆ ಬೇಗ ತಲೆಗೆ ಹತ್ತುತ್ತದೆ.

ಮಹಾನ್ ಪೀಟರ್‌ಗಿಂತ ಮೊದಲು ಜನರ ಕೈಯಲ್ಲಿ ಓಡಾಡುತ್ತಿದ್ದುದು ಬೆಳ್ಳಿ ತಂತಿಯನ್ನು ತುಂಡರಿಸಿ, ಚಪ್ಪಟೆ ಮಾಡಿ, ಮುದ್ರೆ ಒತ್ತಿದ ಪುಟ್ಟ ಕೊಪೆಕ್‌ಗಳು. ಮೀನಿನ ಹುರುಪೆಯಷ್ಟೇ ಗಾತ್ರದ ಇವುಗಳ ತಯಾರಿಕೆ 1718ರವರೆಗೂ ನಡೆಯಿತು. ಪೀಟರ್ 1704ರಲ್ಲಿ ಯುರೋಪಿನ ಥಾಲರ್ ನಾಣ್ಯಕ್ಕೆ ಸರಿಸಮನಾದ, ಸುಮಾರು 28 ಗ್ರಾಂ ತೂಕದ ಬೆಳ್ಳಿ ರೂಬಲ್ ಹೊರಡಿಸಿದ. ಒಂದು ರೂಬಲ್‌ಗೆ ನೂರು ಕೊಪೆಕ್ ಎಂಬ ದಶಮಾಂಶ ಲೆಕ್ಕ ಅಲ್ಲಿಂದ ನೆಲೆಗೊಂಡಿತು. ಆರಂಭದ ಹಲವು ರೂಬಲ್‌ಗಳನ್ನು ಹೊರದೇಶದ ಥಾಲರ್‌ಗಳ ಮೇಲೆಯೇ ಮತ್ತೆ ಮುದ್ರೆ ಒತ್ತಿ ತಯಾರಿಸಿದ್ದರಿಂದ, ಭೂತಗನ್ನಡಿ ಹಿಡಿದರೆ ಪೀಟರ್‌ನ ಕೆನ್ನೆಯ ಕೆಳಗೆ ಹಳೆಯ ಜರ್ಮನ್ ಅಕ್ಷರಗಳ ನೆರಳು ಕಾಣಬಹುದು. ಅದು ದೋಷವಲ್ಲ. ಅಂಥ ನಾಣ್ಯ ಸಿಕ್ಕರೆ ಖುಷಿಪಡಬೇಕು.

1718ರಲ್ಲಿ ಪರಿಶುದ್ಧತೆ ಸಾವಿರಕ್ಕೆ ಸುಮಾರು 729ಕ್ಕೆ ಇಳಿಯಿತು. ಅನ್ನಾ ಇವಾನೊವ್ನಾ ಕಾಲದಲ್ಲಿ, 1731ರಿಂದ, ರೂಬಲ್ 25.85 ಗ್ರಾಂ ತೂಗಿತು, ಪರಿಶುದ್ಧತೆ 802ಕ್ಕೆ ಏರಿತು. ಎರಡನೇ ಕ್ಯಾಥರೀನ್ ಕಾಲದ ರೂಬಲ್ 24 ಗ್ರಾಂ, ಪರಿಶುದ್ಧತೆ 750. ಒಂದನೇ ಪಾಲ್ 1797ರಲ್ಲಿ 29.25 ಗ್ರಾಂನ ಭಾರೀ ರೂಬಲ್ ಹೊರಡಿಸಿದ. ಅದು ನಿಲ್ಲಲಿಲ್ಲ, ಮರುವರ್ಷವೇ 868 ಪರಿಶುದ್ಧತೆಯ 20.73 ಗ್ರಾಂಗೆ ಬಂದ. ಈ ಅಳತೆ 1885ರವರೆಗೂ ಉಳಿಯಿತು. 1886ರಿಂದ ಸಾಮ್ರಾಜ್ಯದ ಕೊನೆಯವರೆಗೆ ರೂಬಲ್ ಎಂದರೆ 20 ಗ್ರಾಂ, ಪರಿಶುದ್ಧತೆ 900.

ಈ ಅಂಕಿಗಳನ್ನು ಗುಣಿಸಿ ನೋಡಿದರೆ ಒಂದು ಸುಂದರ ಸಂಗತಿ ಹೊರಬೀಳುತ್ತದೆ. 24 ಗ್ರಾಂನ 750, 20.73 ಗ್ರಾಂನ 868, 20 ಗ್ರಾಂನ 900: ಮೂರರಲ್ಲೂ ಶುದ್ಧ ಬೆಳ್ಳಿ ಸುಮಾರು 18 ಗ್ರಾಂ. ಪಾಲ್‌ನ ಆ ಭಾರೀ ನಾಣ್ಯವನ್ನು ಬಿಟ್ಟರೆ, ಕ್ಯಾಥರೀನ್‌ಳಿಂದ ಕೊನೆಯ ತ್ಸಾರ್‌ವರೆಗೆ ರೂಬಲ್‌ನ ತಿರುಳು ಬದಲಾಗಲಿಲ್ಲ. ಬದಲಾದದ್ದು ಬೆರೆಸಿದ ತಾಮ್ರದ ಪ್ರಮಾಣ ಮಾತ್ರ. ಅಂಚಿನ ಮೇಲಿನ 4 ಜೊಲೊಟ್ನಿಕ್ 21 ದೋಲ್ಯದ ಅರ್ಥವೂ ಇದೇ. ಒಂದು ಜೊಲೊಟ್ನಿಕ್ 4.266 ಗ್ರಾಂ, ಅದರಲ್ಲಿ 96 ದೋಲ್ಯಗಳು. ಲೆಕ್ಕ ಹಾಕಿದರೆ 18 ಗ್ರಾಂ ಬರುತ್ತದೆ. 1810ರಿಂದ 1885ರ ನಡುವಿನ ರೂಬಲ್‌ಗಳ ಅಂಚಿನಲ್ಲಿ ಬೇರೆ ವಾಕ್ಯವಿರುತ್ತದೆ: 83⅓ ಪರಿಶುದ್ಧತೆಯ ಬೆಳ್ಳಿ, ತೂಕ 4 ಜೊಲೊಟ್ನಿಕ್ 82 14/25 ದೋಲ್ಯ. ಅದು ಒಟ್ಟು ತೂಕ, ಅಂದರೆ 20.73 ಗ್ರಾಂ. ರಷ್ಯನ್ನರು ಪರಿಶುದ್ಧತೆಯನ್ನು ಸಾವಿರಕ್ಕಲ್ಲ, 96ಕ್ಕೆ ಅಳೆಯುತ್ತಿದ್ದರು ಎಂಬುದು ನೆನಪಿದ್ದರೆ ಗೊಂದಲವಾಗದು.

ಚಿಲ್ಲರೆ ನಾಣ್ಯಗಳ ವಿಷಯ ಬೇರೆ. 1886ರ ನಂತರದ 50 ಮತ್ತು 25 ಕೊಪೆಕ್‌ಗಳು ರೂಬಲ್‌ನಂತೆಯೇ 900 ಪರಿಶುದ್ಧತೆಯವು, ತೂಕ ಕ್ರಮವಾಗಿ 10 ಮತ್ತು 5 ಗ್ರಾಂ. ಆದರೆ 20, 15, 10 ಕೊಪೆಕ್‌ಗಳಲ್ಲಿ 1867ರಿಂದ ಅರ್ಧದಷ್ಟೇ ಬೆಳ್ಳಿ. ಸವೆದ 20 ಕೊಪೆಕ್ ನಾಣ್ಯ ಕೆಂಪಗೆ ಕಂಡರೆ ನಕಲಿ ಎಂದು ಬದಿಗಿಡಬೇಡಿ. ಅದು ಹಾಗೆಯೇ ಇರಬೇಕು.

ಎರಡನೇ ಹೆಜ್ಜೆ: ಅಕ್ಷರಗಳನ್ನು ಕಣ್ಣಿಗೆ ಒಗ್ಗಿಸಿಕೊಳ್ಳಿ

ರಷ್ಯನ್ ಭಾಷೆ ಬರಬೇಕಿಲ್ಲ. ಲಿಪಿ ಓದಲು ಬಂದರೆ ಸಾಕು, ಒಂದು ವಾರ ಕುಳಿತರೆ ಬರುತ್ತದೆ. ಮೋಸ ಮಾಡುವುದು ಇಂಗ್ಲಿಷ್‌ನಂತೆ ಕಾಣುವ ಅಕ್ಷರಗಳು. ಇಂಗ್ಲಿಷ್‌ನ ‘ಸಿ’ಯಂತೆ ಕಾಣುವುದು ‘ಸ’, ‘ಪಿ’ಯಂತೆ ಕಾಣುವುದು ‘ರ’, ‘ಬಿ’ಯಂತೆ ಕಾಣುವುದು ‘ವ’, ‘ಎಚ್’ನಂತೆ ಕಾಣುವುದು ‘ನ’. ಬಾಗಿಲ ಚೌಕಟ್ಟಿನ ಆಕಾರದ್ದು ‘ಪ’.

ಇಷ್ಟು ಬಂದರೆ ಟಂಕಸಾಲೆಯ ಗುರುತುಗಳು ತೆರೆದುಕೊಳ್ಳುತ್ತವೆ. (ಇಲ್ಲಿ ಬರೆದಿರುವುದು ಅವುಗಳ ಉಚ್ಚಾರ, ನಾಣ್ಯದ ಮೇಲಿರುವುದು ರಷ್ಯನ್ ಅಕ್ಷರ.) ಎಸ್‌ಪಿಬಿ ಎಂದರೆ ಸೇಂಟ್ ಪೀಟರ್ಸ್‌ಬರ್ಗ್. ಪೀಟರ್-ಪಾಲ್ ಕೋಟೆಯೊಳಗಿನ ಆ ಟಂಕಸಾಲೆಗೆ 1724ರಿಂದ ಇತಿಹಾಸವಿದೆ. ಎಂಎಂಡಿ ಅಥವಾ ಬರೀ ಎಂಡಿ ಎಂದರೆ ಮಾಸ್ಕೋ. ಎಂ ಮತ್ತು ಡಬ್ಲ್ಯೂ ಲ್ಯಾಟಿನ್ ಅಕ್ಷರಗಳಲ್ಲಿದ್ದರೆ ವಾರ್ಸಾ. ಟಿಎಂ ಎಂಬ ಗುರುತಿನ 1787ರ ಬೆಳ್ಳಿ ನಾಣ್ಯ ಸಿಕ್ಕರೆ ಅದು ಕ್ಯಾಥರೀನ್ ಕ್ರಿಮಿಯಾವನ್ನು ವಶಪಡಿಸಿಕೊಂಡ ಬಳಿಕ ಅಲ್ಲಿನ ಫಿಯೊಡೊಸಿಯಾದಲ್ಲಿ ತಯಾರಾದದ್ದು. ಇವು ಅಪರೂಪ, ನಕಲಿಗಳೂ ಹೆಚ್ಚು.

ಅಧಿಕಾರಿಗಳ ಮೊದಲಕ್ಷರಗಳು ಇನ್ನೂ ಉಪಯುಕ್ತ. ಕೊನೆಯ ಮೂರು ದಶಕಗಳ ರೂಬಲ್ ಅಂಚುಗಳಲ್ಲಿ ಎ-ಜಿ ಎಂದಿದ್ದರೆ ಅಪೊಲೊನ್ ಗ್ರಾಸ್‌ಗೋಫ್, 1883ರಿಂದ 1899. ಎಫ್-ಜಡ್ ಎಂದರೆ ಫೆಲಿಕ್ಸ್ ಜಾಲೆಮಾನ್, 1899ರಿಂದ 1901. ಎ-ಆರ್ ಎಂದರೆ ಅಲೆಕ್ಸಾಂಡರ್ ರೆದ್ಕೊ, 1901ರಿಂದ 1905. ಇ-ಬಿ ಎಂದರೆ ಎಲಿಕುಮ್ ಬಾಬಾಯಂತ್ಸ್, 1899ರಿಂದ 1913. ವಿ-ಎಸ್ ಎಂದರೆ ವಿಕ್ಟರ್ ಸ್ಮಿರ್ನೋವ್, 1913ರಿಂದ 1917. ಮುಖದ ಮೇಲಿನ ವರ್ಷ 1912 ಎಂದಿದ್ದು ಅಂಚಿನಲ್ಲಿ ಎ-ಜಿ ಕಂಡರೆ ಆ ನಾಣ್ಯವನ್ನು ತಕ್ಷಣ ಕೆಳಗಿಡಿ. ಬೇರೆ ಪರೀಕ್ಷೆಯೇ ಬೇಕಿಲ್ಲ.

ಅಂಚಿನಲ್ಲಿ ಅಕ್ಷರಗಳ ಬದಲು ಒಂದು ನಕ್ಷತ್ರವಿದ್ದರೆ ಅದು ಪ್ಯಾರಿಸ್‌ನಲ್ಲಿ, ಎರಡಿದ್ದರೆ ಬ್ರಸೆಲ್ಸ್‌ನಲ್ಲಿ ತಯಾರಾದದ್ದು. 1896ರಿಂದ 1899ರ ನಡುವೆ ಬೆಳ್ಳಿ ನಾಣ್ಯಗಳ ಬೇಡಿಕೆಯನ್ನು ಸೇಂಟ್ ಪೀಟರ್ಸ್‌ಬರ್ಗ್ ಒಂದೇ ಪೂರೈಸಲಾಗದೆ ಹೊರದೇಶಕ್ಕೆ ಕೆಲಸ ಕೊಡಲಾಗಿತ್ತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, 10 ಮತ್ತು 15 ಕೊಪೆಕ್‌ಗಳನ್ನು ಜಪಾನಿನ ಒಸಾಕಾ ಟಂಕಸಾಲೆಯೂ ಹೊಡೆದುಕೊಟ್ಟಿತು. ಅವುಗಳ ಹದ್ದಿನ ಕೆಳಗೆ ಅಧಿಕಾರಿಯ ಅಕ್ಷರಗಳೇ ಇಲ್ಲ.

ಪೀಟರ್‌ನ ಆರಂಭದ ರೂಬಲ್‌ಗಳಲ್ಲಿ ವರ್ಷವನ್ನು ಅಂಕಿಗಳಲ್ಲಿ ಬರೆಯದೆ ಸ್ಲಾವೊನಿಕ್ ಅಕ್ಷರಸಂಖ್ಯೆಗಳಲ್ಲಿ ಬರೆದಿರುತ್ತಾರೆ. ಅದಕ್ಕೊಂದು ಪುಟದ ಕೋಷ್ಟಕ ಬರೆದಿಟ್ಟುಕೊಂಡರೆ ಸಾಕು.

ಮೂರನೇ ಹೆಜ್ಜೆ: ಒಂದು ಕಿರಿದಾದ ದಾರಿ ಆರಿಸಿ

ಎಲ್ಲವನ್ನೂ ಸಂಗ್ರಹಿಸುತ್ತೇನೆ ಎಂದು ಹೊರಟವರ ಪೆಟ್ಟಿಗೆಯಲ್ಲಿ ಸಾಧಾರಣ ನಾಣ್ಯಗಳು ರಾಶಿ ಬೀಳುತ್ತವೆ, ಜ್ಞಾನ ಬೆಳೆಯುವುದಿಲ್ಲ. ಒಂದು ವಿಷಯ ಹಿಡಿದು ಅದರಲ್ಲಿ ಆಳಕ್ಕೆ ಇಳಿಯುವುದೇ ಸರಿ. ನನಗೆ ಅರ್ಥಪೂರ್ಣವೆನಿಸಿದ ಕೆಲವು ದಾರಿಗಳನ್ನು ಇಲ್ಲಿ ಹೇಳುತ್ತೇನೆ.

ಹೊಸಬರಿಗೆ ಅತ್ಯುತ್ತಮವಾದದ್ದು ಎರಡನೇ ನಿಕೊಲಸ್‌ನ ರೂಬಲ್‌ಗಳನ್ನು ವರ್ಷವಾರು ಕೂಡಿಸುವುದು. 1897, 1898, 1899ರವು ಕೋಟಿ ಲೆಕ್ಕದಲ್ಲಿ ತಯಾರಾದ್ದರಿಂದ ಸುಲಭವಾಗಿ ಸಿಗುತ್ತವೆ, ಕಣ್ಣಿಗೆ ತರಬೇತಿ ಕೊಡುತ್ತವೆ. 1897ರಲ್ಲಿ ದೇಶ ಚಿನ್ನದ ಮಾನಕ್ಕೆ ಹೋದ ಮೇಲೆ ಬೆಳ್ಳಿ ಸಹಾಯಕ ಹಣವಾಗಿ ಉಳಿಯಿತು. ಹೊಸ ಶತಮಾನ ಬಂದಂತೆ ರೂಬಲ್ ತಯಾರಿಕೆ ಥಟ್ಟನೆ ಕುಗ್ಗಿತು. 1903ರಿಂದ 1906ರವರೆಗಿನ ವರ್ಷಗಳಲ್ಲಿ ಹೊರಬಂದದ್ದು ಸಾವಿರಗಳ ಲೆಕ್ಕದಲ್ಲಿ. ಸರಣಿಯ ಕಷ್ಟವೆಲ್ಲ ಇಲ್ಲಿದೆ, ರುಚಿಯೂ ಇಲ್ಲೇ ಇದೆ.

1913ರ ವರ್ಷವಂತೂ ಪಾಠ ಕಲಿಸಲೆಂದೇ ಇದ್ದಂತಿದೆ. ಆ ವರ್ಷ ರೊಮಾನೊವ್ ವಂಶದ ಮುನ್ನೂರನೇ ವರ್ಷದ ನೆನಪಿಗೆ, ನಿಕೊಲಸ್ ಮತ್ತು ವಂಶದ ಮೊದಲ ತ್ಸಾರ್ ಮಿಖಾಯಿಲ್ ಇಬ್ಬರ ಮುಖಗಳಿರುವ ರೂಬಲ್ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಅದು ಇಂದಿಗೂ ಸುಲಭವಾಗಿ ಸಿಗುತ್ತದೆ. ಅದೇ ವರ್ಷದ ಸಾಮಾನ್ಯ ರೂಬಲ್, ನಿಕೊಲಸ್‌ನ ಒಂಟಿ ಮುಖದ್ದು, ಅದಕ್ಕಿಂತ ಬಹಳ ಅಪರೂಪ. ಚೆಂದದ ಸ್ಮಾರಕ ನಾಣ್ಯಕ್ಕೆ ಮುಗಿಬೀಳುವವರು ಪಕ್ಕದಲ್ಲಿರುವ ಸಾದಾ ನಾಣ್ಯವನ್ನು ದಾಟಿ ಹೋಗುತ್ತಾರೆ. ಇನ್ನೊಂದು ಎಚ್ಚರಿಕೆ: ಆ ಸ್ಮಾರಕ ರೂಬಲ್‌ನಲ್ಲಿ ಚಪ್ಪಟೆ ಮತ್ತು ಉಬ್ಬಿದ ಎರಡು ಬಗೆಯ ಅಚ್ಚುಗಳಿವೆ. ಚಪ್ಪಟೆ ಅಚ್ಚಿನದನ್ನು ಸವೆದ ನಾಣ್ಯ ಎಂದು ತಪ್ಪು ತಿಳಿಯಬಾರದು.

ಸ್ಮಾರಕ ರೂಬಲ್‌ಗಳೇ ಇನ್ನೊಂದು ದಾರಿ. 1834ರ ಅಲೆಕ್ಸಾಂಡರ್ ಸ್ತಂಭ, 1839ರ ಬೊರೊಡಿನೊ ಸ್ಮಾರಕ, 1859ರ ಕುದುರೆಯೇರಿದ ಒಂದನೇ ನಿಕೊಲಸ್, 1883 ಮತ್ತು 1896ರ ಪಟ್ಟಾಭಿಷೇಕಗಳು, 1898ರ ಎರಡನೇ ಅಲೆಕ್ಸಾಂಡರ್ ಸ್ಮಾರಕ, 1912ರಲ್ಲಿ ನೆಪೋಲಿಯನ್ ವಿರುದ್ಧದ ಗೆಲುವಿನ ಶತಮಾನ: ಸರಣಿ ಚಿಕ್ಕದು, ಚೆಲುವಾದದ್ದು, ದುಬಾರಿ. ಕೊನೆಯದು 1914ರ ಗಂಗುತ್ ರೂಬಲ್. 1714ರ ನೌಕಾಯುದ್ಧದ ಇನ್ನೂರನೇ ವರ್ಷಕ್ಕೆ ಹೊಡೆದ ಅದರ ಬಹುಪಾಲು ಕರಗಿ ಹೋಯಿತು. 1927ರಲ್ಲಿ ಲೆನಿನ್‌ಗ್ರಾಡ್ (ಸೇಂಟ್ ಪೀಟರ್ಸ್‌ಬರ್ಗ್‌ಗೆ ಆಗ ಇದ್ದ ಹೆಸರು) ಟಂಕಸಾಲೆ ಸಂಗ್ರಹಕಾರರಿಗಾಗಿ ಮತ್ತೆ ಕೆಲವನ್ನು ಹೊಡೆಯಿತು. ಮಾರುವವರು ಅಸಲಿ ಗಂಗುತ್ ಎಂದರೆ ಯಾವ ಅಸಲಿ ಎಂದು ಕೇಳುವುದು ನಿಮ್ಮ ಹಕ್ಕು.

ಸಾಮ್ರಾಜ್ಯದ ಅಂಚಿನ ಪ್ರದೇಶಗಳ ನಾಣ್ಯಗಳನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. 1830-31ರ ದಂಗೆಯ ನಂತರ ಪೋಲೆಂಡಿಗಾಗಿ ಹೊಡೆದ ನಾಣ್ಯಗಳಲ್ಲಿ ಒಂದೂವರೆ ರೂಬಲ್ ಮತ್ತು 10 ಜ್ಲೋಟಿ ಎಂದು ಎರಡು ಬೆಲೆ ಒಟ್ಟಿಗೆ ಇವೆ. 1804ರಿಂದ 1833ರವರೆಗೆ ಟಿಫ್ಲಿಸ್‌ನಲ್ಲಿ ಹೊಡೆದ ಬೆಳ್ಳಿ ನಾಣ್ಯಗಳಲ್ಲಿ ಜಾರ್ಜಿಯನ್ ಲಿಪಿ ಇದೆ. ಫಿನ್ಲೆಂಡಿನ ಬೆಳ್ಳಿ ಮಾರ್ಕ್ಕಾಗಳಲ್ಲಿ ರಷ್ಯಾದ ಹದ್ದೇ ಇದ್ದರೂ ಬೆಲೆ ಕೈಗೆಟುಕುವಷ್ಟಿರುತ್ತದೆ.

ಗಂಡಭೇರುಂಡವನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಎರಡು ತಲೆಯ ಹದ್ದು ಆಪ್ತವೆನಿಸುವುದು ಸಹಜ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲೂ ಎರಡು ತಲೆಯ ಹಕ್ಕಿಯಿದೆ. ಎರಡಕ್ಕೂ ನಂಟು ಕಲ್ಪಿಸಲು ಹೋಗದೆ, ಹದ್ದನ್ನು ಕಾಲಸೂಚಿಯಾಗಿ ಬಳಸಿ. ರೆಕ್ಕೆಗಳು ಕೆಳಗಿಳಿದಿದ್ದರೆ 1826ರಿಂದ 1831ರ ಒಂದನೇ ನಿಕೊಲಸ್ ರೂಬಲ್. ಅದರ ಮುಂದಿನ ವರ್ಷದಿಂದ ಹದ್ದಿನ ಆಕಾರವೇ ಬೇರೆ.

ಕೈಗೆಟುಕದ ಕನಸೂ ಒಂದಿರಲಿ. 1825ರಲ್ಲಿ ಒಂದನೇ ಅಲೆಕ್ಸಾಂಡರ್ ತೀರಿಕೊಂಡಾಗ ತಮ್ಮ ಕಾನ್‌ಸ್ಟಂಟಿನ್‌ನೇ ತ್ಸಾರ್ ಆಗುತ್ತಾನೆಂದು ನಂಬಿದ ಹಣಕಾಸು ಮಂತ್ರಿ ಕಾಂಕ್ರಿನ್ ಅವನ ಮುಖದ ರೂಬಲ್ ಮಾದರಿ ಮಾಡಿಸಿದ. ಕಾನ್‌ಸ್ಟಂಟಿನ್ ಸಿಂಹಾಸನ ಒಲ್ಲೆನೆಂದ, ನಿಕೊಲಸ್ ಪಟ್ಟಕ್ಕೆ ಬಂದ. ಪೂರ್ಣಗೊಂಡ ಐದು ನಾಣ್ಯಗಳು ದಶಕಗಳ ಕಾಲ ಹಣಕಾಸು ಸಚಿವಾಲಯದಲ್ಲಿ ಮುಚ್ಚಿಟ್ಟ ಗುಟ್ಟಾಗಿದ್ದವು. ಇವಲ್ಲದೆ ಅಂಚಿನ ಬರಹವಿಲ್ಲದ ಕೆಲವು ತುಣುಕುಗಳೂ ಇವೆ. ಆ ಐದನ್ನು ಉಳಿದವುಗಳಿಂದ ಬೇರ್ಪಡಿಸುವುದೂ ಅಂಚೇ.

ಎಳೆಯ ತ್ಸಾರ್ ಆರನೇ ಇವಾನ್‌ನ ನಾಣ್ಯಗಳೂ ಕಾಡುವಂಥವು. ಎರಡು ತಿಂಗಳ ಕೂಸಾಗಿದ್ದಾಗ ಪಟ್ಟಕ್ಕೆ ಬಂದು 1741ರಲ್ಲಿ ಪದಚ್ಯುತನಾದ ಆ ಮಗುವಿನ ಹೆಸರನ್ನೇ ಅಳಿಸಲು, ಅವನ ಜಾಗಕ್ಕೆ ಪಟ್ಟವೇರಿದ ಎಲಿಜವೇಟಾ ಅವನ ನಾಣ್ಯಗಳನ್ನೆಲ್ಲ ವಾಪಸ್ ತರಿಸಿದಳು. ಉಳಿದವು ಅಡಗಿಸಿಟ್ಟವರಿಂದ ಉಳಿದವು.

ನಾಲ್ಕನೇ ಹೆಜ್ಜೆ: ಮೇಜಿನ ಮೇಲಿನ ಪರೀಕ್ಷೆ

ಬೇಕಾದ ಸಾಧನಗಳು ಕಡಿಮೆ: 0.01 ಗ್ರಾಂವರೆಗೆ ತೂಗುವ ತಕ್ಕಡಿ, ಡಿಜಿಟಲ್ ಕ್ಯಾಲಿಪರ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಬಲವಾದ ಸಣ್ಣ ಅಯಸ್ಕಾಂತ, ಒಂದು ಲೋಟ ನೀರು, ತೆಳ್ಳನೆಯ ದಾರ.

1898ರ ರೂಬಲ್ ಒಂದನ್ನು ಪರೀಕ್ಷಿಸುತ್ತಿದ್ದೀರಿ ಎಂದುಕೊಳ್ಳಿ. ಮೊದಲು ತೂಕ. ಹೊಸದಾಗಿದ್ದರೆ 20 ಗ್ರಾಂ, ಓಡಾಡಿ ಸವೆದಿದ್ದರೆ ತುಸು ಕಡಿಮೆ. ಹೆಚ್ಚು ತೂಗಿದರೆ ಅನುಮಾನಿಸಿ, ಏಕೆಂದರೆ ಬಳಕೆಯಲ್ಲಿ ನಾಣ್ಯ ಕರಗಬಹುದೇ ಹೊರತು ಬೆಳೆಯದು. ವ್ಯಾಸ ಸುಮಾರು 33.65 ಮಿಲಿಮೀಟರ್ ಇರಬೇಕು. ಅಯಸ್ಕಾಂತಕ್ಕೆ ಅಂಟಬಾರದು.

ಆಮೇಲೆ ಸಾಂದ್ರತೆ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಮೇಲೆ ಗಾಳಿಗುಳ್ಳೆ ಕೂತಿದ್ದರೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 900 ಪರಿಶುದ್ಧತೆಯ ರೂಬಲ್‌ಗೆ ಅದು ಸುಮಾರು 1.94 ಗ್ರಾಂ ಬರಬೇಕು. 20ನ್ನು 1.94ರಿಂದ ಭಾಗಿಸಿದರೆ 10.3. ಅದು ಬೆಳ್ಳಿಯ ಮಿಶ್ರಲೋಹದ ಸಾಂದ್ರತೆ. ತಾಮ್ರ-ನಿಕ್ಕಲ್‌ನ ನಕಲಿಯಾದರೆ ತಕ್ಕಡಿ 2.25ರ ಆಸುಪಾಸು ತೋರಿಸುತ್ತದೆ. 868 ಪರಿಶುದ್ಧತೆಯ ರೂಬಲ್‌ಗೆ 10.26, ಕ್ಯಾಥರೀನ್ ಕಾಲದ 750ಕ್ಕೆ 10.06, ಅರ್ಧ ಬೆಳ್ಳಿಯ 20 ಕೊಪೆಕ್‌ಗೆ 9.67 ಬರಬೇಕು. ಸಣ್ಣ ನಾಣ್ಯಗಳಲ್ಲಿ ತಕ್ಕಡಿಯ ಚಿಕ್ಕ ತಪ್ಪೂ ದೊಡ್ಡದಾಗುವುದರಿಂದ ಈ ಪರೀಕ್ಷೆಯನ್ನು ರೂಬಲ್ ಮತ್ತು 50 ಕೊಪೆಕ್‌ಗಳಿಗೆ ಸೀಮಿತಗೊಳಿಸಿ.

ಇಲ್ಲಿಗೆ ಲೋಹ ಸರಿಯಿದೆ ಎಂದಷ್ಟೇ ಗೊತ್ತಾಯಿತು. ಅಪಾಯಕಾರಿ ನಕಲಿಗಳನ್ನು ಸರಿಯಾದ ಬೆಳ್ಳಿಯಲ್ಲೇ ಮಾಡುತ್ತಾರೆ. ಆದ್ದರಿಂದ ಭೂತಗನ್ನಡಿ ಹಿಡಿದು ಮತ್ತೆ ಅಂಚಿಗೆ ಬನ್ನಿ. ಅಕ್ಷರಗಳು ಒಂದೇ ಆಳದಲ್ಲಿ, ಚೂಪಾದ ಕೊನೆಗಳೊಂದಿಗೆ ಇವೆಯೇ? ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಮೂಲೆಗಳು ಸಾಬೂನಿನಂತೆ ನುಣುಪಾಗಿರುತ್ತವೆ, ಅಂಚಿನ ಸುತ್ತ ಎರಡು ಅರ್ಧಗಳನ್ನು ಕೂಡಿಸಿದ ತೆಳುಗೆರೆ ಕಾಣಬಹುದು, ಬಯಲಿನ ಮೇಲೆ ಸೂಜಿಮೊನೆಯಂಥ ಗುಂಡಿಗಳಿರುತ್ತವೆ. ಮುಖದ ಸುತ್ತಲಿನ ಹಲ್ಲಿನಂಥ ಗೆರೆಗಳು ಅಸಲಿಯಲ್ಲಿ ಕ್ರಮಬದ್ಧ, ನಕಲಿಯಲ್ಲಿ ಹಲವೆಡೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ವರ್ಷದ ಅಂಕಿಗಳನ್ನು ವಿಶೇಷವಾಗಿ ನೋಡಿ. ಸಾಮಾನ್ಯ ವರ್ಷದ ಅಸಲಿ ನಾಣ್ಯದ ಒಂದು ಅಂಕಿಯನ್ನು ಕೆತ್ತಿ ಅಪರೂಪದ ವರ್ಷ ಮಾಡುವುದು ಹಳೆಯ ಚಾಳಿ. ಅಂಕಿಯ ಸುತ್ತಲಿನ ಬಯಲು ಬೇರೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ಅಲ್ಲಿ ಮಾತ್ರ ಗೀರುಗಳಿದ್ದರೆ ನಾಣ್ಯವನ್ನು ಬಿಟ್ಟುಬಿಡಿ.

18ನೇ ಶತಮಾನದ ರೂಬಲ್‌ಗಳಲ್ಲಿ ಒಂದು ವಿನಾಯಿತಿ ಇದೆ. ತೂಕ ಸರಿಪಡಿಸಲು ಮುದ್ರೆ ಒತ್ತುವ ಮೊದಲೇ ಬಿಲ್ಲೆಯನ್ನು ಅರದಿಂದ ಉಜ್ಜುತ್ತಿದ್ದರು. ಆ ಸಮಾನಾಂತರ ಗೆರೆಗಳು ಚಿತ್ರದ ಕೆಳಗೆ ಹಾಯ್ದು ಹೋಗುತ್ತವೆ. ಚಿತ್ರದ ಮೇಲೆ ಹಾಯ್ದರೆ ಮಾತ್ರ ಅದು ನಂತರದ ಗಾಯ.

ಐದನೇ ಹೆಜ್ಜೆ: ನೊವೊಡೆಲ್ ಎಂಬ ಮೂರನೇ ಜಾತಿ

ಅಸಲಿ, ನಕಲಿ ಎಂಬ ಎರಡು ಕಪಾಟುಗಳು ಈ ಕ್ಷೇತ್ರಕ್ಕೆ ಸಾಲವು. ರಷ್ಯಾದ ಟಂಕಸಾಲೆಗಳೇ ಶ್ರೀಮಂತ ಸಂಗ್ರಹಕಾರರ ಕೋರಿಕೆಯ ಮೇರೆಗೆ ಹಿಂದಿನ ಕಾಲದ ನಾಣ್ಯಗಳನ್ನು ಹಳೆಯ ಅಥವಾ ಹೊಸದಾಗಿ ಕೆತ್ತಿದ ಅಚ್ಚುಗಳಿಂದ ಮತ್ತೆ ಹೊಡೆದುಕೊಟ್ಟವು. ಅವೇ ನೊವೊಡೆಲ್‌ಗಳು. ಟಂಕಸಾಲೆ ಅಸಲಿ, ನಾಣ್ಯ ತಡವಾಗಿ ಹುಟ್ಟಿದ್ದು. ಸಾಮ್ರಾಟನ ವಂಶದವನೇ ಆದ, ಮಹಾ ಸಂಗ್ರಹಕಾರ ಗ್ರ್ಯಾಂಡ್ ಡ್ಯೂಕ್ ಗಿಯೋರ್ಗಿ ಮಿಖೈಲೊವಿಚ್‌ನ ಒತ್ತಾಸೆಯಿಂದ 1890ರಲ್ಲಿ ಈ ಪದ್ಧತಿ ನಿಂತಿತು. ನೊವೊಡೆಲ್‌ಗಳಿಗೂ ಮಾರುಕಟ್ಟೆ ಇದೆ, ಕೆಲವು ಅತಿ ದುಬಾರಿ. ಆದರೆ ನೊವೊಡೆಲ್ ಎಂದು ತಿಳಿದು ಕೊಳ್ಳುವುದಕ್ಕೂ ಪೀಟರ್ ಕಾಲದ್ದೆಂದು ನಂಬಿ ಕೊಳ್ಳುವುದಕ್ಕೂ ಅಜಗಜಾಂತರ. ಮೂರು ಶತಮಾನ ಹಳೆಯದೆನ್ನುವ ನಾಣ್ಯ ತೀರ ಸಮವಾಗಿ, ತೀರ ದುಂಡಗೆ, ಅಂಚು ತೀರ ಅಚ್ಚುಕಟ್ಟಾಗಿದ್ದರೆ ಮಾರಾಟಗಾರನನ್ನು ನೇರವಾಗಿ ಪ್ರಶ್ನಿಸಿ.

ಆರನೇ ಹೆಜ್ಜೆ: ಸ್ಥಿತಿಯನ್ನು ಅಳೆಯುವುದು

ಒಂದೇ ವರ್ಷದ ಎರಡು ನಾಣ್ಯಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರ ಬರುವುದು ಸ್ಥಿತಿಯಿಂದ. ನಿಕೊಲಸ್‌ನ ರೂಬಲ್‌ನಲ್ಲಿ ಮೊದಲು ಸವೆಯುವುದು ಕಿವಿಯ ಮೇಲಿನ ಕೂದಲು, ಹುಬ್ಬು, ಗಡ್ಡ. ಇನ್ನೊಂದು ಬದಿಯಲ್ಲಿ ಹದ್ದಿನ ಎದೆಯ ಮೇಲಿನ ಗುರಾಣಿ ಮತ್ತು ಕಿರೀಟಗಳು. ಈ ಜಾಗಗಳಲ್ಲಿ ವಿವರ ಉಳಿದಿದ್ದರೆ ನಾಣ್ಯ ಒಳ್ಳೆಯದು.

ಕಾಕಸಸ್, ಉಕ್ರೇನ್ ಪ್ರದೇಶಗಳಲ್ಲಿ ಹೆಂಗಸರು ಬೆಳ್ಳಿ ರೂಬಲ್‌ಗಳನ್ನು ನಮ್ಮ ಕಾಸಿನ ಸರದ ಹಾಗೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಕುಣಿಕೆ ಬೆಸೆದು ಆಮೇಲೆ ತೆಗೆದ ನಾಣ್ಯಗಳು ಬಹಳ ಇವೆ. ಮತ್ತೆ ಅಂಚೇ ಸಾಕ್ಷಿ: ತಲೆಯ ನೇರಕ್ಕೆ ಮೇಲ್ಭಾಗದಲ್ಲಿ ಅಂಚಿನ ಅಕ್ಷರಗಳು ಉಜ್ಜಿಹೋಗಿದ್ದರೆ ಅಲ್ಲಿ ಬೆಸುಗೆ ಇತ್ತು. ಮುಚ್ಚಿದ ರಂಧ್ರವನ್ನೂ ಅಲ್ಲೇ ಹುಡುಕಿ. ಇಂಥ ನಾಣ್ಯ ಅಪರೂಪದ್ದಾಗಿದ್ದರೆ ಕಡಿಮೆ ಬೆಲೆಗೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಸಾಮಾನ್ಯ ವರ್ಷದ್ದಾದರೆ ಬೇಡ.

ಅಮೆರಿಕದ ಎನ್‌ಜಿಸಿ ಮತ್ತು ಪಿಸಿಜಿಎಸ್ ರಷ್ಯಾದ ನಾಣ್ಯಗಳನ್ನು ಪರೀಕ್ಷಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ದುಬಾರಿ ನಾಣ್ಯಕ್ಕೆ ಇದು ಒಳ್ಳೆಯ ರಕ್ಷಣೆ. ಪೆಟ್ಟಿಗೆಯನ್ನೇ ನಕಲು ಮಾಡುವವರೂ ಇರುವುದರಿಂದ, ಅದರ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಚಿತ್ರ ತಾಳೆ ನೋಡಿ.

ಏಳನೇ ಹೆಜ್ಜೆ: ಕೊಳ್ಳುವುದು

ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳದೆ ಹರಾಜುಗಳ ಹಳೆಯ ದಾಖಲೆಗಳನ್ನು ಓದಿ. ಜರ್ಮನಿಯ ಕುಂಕರ್, ಸ್ವಿಟ್ಜರ್ಲೆಂಡಿನ ಸಿಂಕೊನಾದಂಥ ಸಂಸ್ಥೆಗಳು ರಷ್ಯಾದ ನಾಣ್ಯಗಳನ್ನು ನಿಯಮಿತವಾಗಿ ಹರಾಜಿಗಿಡುತ್ತವೆ. ಅವುಗಳ ವಿವರಣೆಗಳಲ್ಲಿ ‘ಬಿಟ್ಕಿನ್’ ಎಂಬ ಹೆಸರಿನ ಮುಂದೆ ಸಂಖ್ಯೆ ಇರುತ್ತದೆ. ಅದು ಪ್ರಮಾಣ ಕ್ಯಾಟಲಾಗಿನ ಕ್ರಮಸಂಖ್ಯೆ. ಅದರ ಪಕ್ಕದ ‘ಆರ್’ ಅಕ್ಷರ ಅಪರೂಪವೆಂಬ ಸೂಚನೆ, ಮುಂದೆ ಅಂಕಿ ಏರಿದಷ್ಟೂ ನಾಣ್ಯ ವಿರಳ. ನಿಮಗೆ ಬೇಕಾದ ನಾಣ್ಯ ಹಿಂದೆ ಯಾವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಯಿತು ಎಂಬುದನ್ನು ಬರೆದಿಡುತ್ತ ಹೋದರೆ ನಿಮ್ಮದೇ ಬೆಲೆಪಟ್ಟಿ ತಯಾರಾಗುತ್ತದೆ. ಅಂಗಡಿಯವನ ಬಾಯಿಮಾತಿಗಿಂತ ಅದು ಎಷ್ಟೋ ಮೇಲು.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಕೊಳ್ಳುವವರ ಶುಲ್ಕ ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು, ಅದರ ಮೇಲೆ ಸಾಗಣೆ, ವಿಮೆ, ಭಾರತಕ್ಕೆ ತರಿಸುವುದಾದರೆ ಸುಂಕ. ಗರಿಷ್ಠ ಮೊತ್ತವನ್ನು ಇವೆಲ್ಲ ಸೇರಿಸಿ ಮೊದಲೇ ನಿರ್ಧರಿಸಿ.

ನಮ್ಮ ಊರುಗಳ ನಾಣ್ಯ ಮೇಳಗಳಲ್ಲೂ ಒಮ್ಮೊಮ್ಮೆ ರಷ್ಯಾದ ರೂಬಲ್ ಕಾಣುತ್ತದೆ. ಅಲ್ಲಿ ನಕಲಿ ತಯಾರಿಕೆಯ ಹೊಳಪು ನಾಣ್ಯಗಳ ರಾಶಿಯೇ ಇರುತ್ತದೆ, ಆದ್ದರಿಂದ ತಕ್ಕಡಿ ಮತ್ತು ಭೂತಗನ್ನಡಿ ಜೇಬಿನಲ್ಲಿರಲಿ. ತೂಗಿ ನೋಡಲು ಬಿಡದ ಮಾರಾಟಗಾರನ ಬಳಿ ಕೊಳ್ಳಬೇಡಿ.

ಪಟ್ಟಿಯಲ್ಲಿ ಅತಿ ಅಪರೂಪದ ನಾಣ್ಯ ಅಗ್ಗಕ್ಕೆ ಸಿಕ್ಕಿತೆಂದರೆ ಒಂದೇ ಕಾರಣ ಇರಲು ಸಾಧ್ಯ. ಕಾನ್‌ಸ್ಟಂಟಿನ್ ರೂಬಲ್, 1836ರ ಕುಟುಂಬ ರೂಬಲ್, ಗಂಗುತ್ ರೂಬಲ್ ಇವುಗಳ ನಕಲಿಗಳು ಪ್ರವಾಸಿ ಮಾರುಕಟ್ಟೆಗಳಲ್ಲಿ ಚಿಲ್ಲರೆ ಹಣಕ್ಕೆ ಸಿಗುತ್ತವೆ.

ಎಂಟನೇ ಹೆಜ್ಜೆ: ಕಾನೂನು ಮತ್ತು ಕಾಗದಪತ್ರ

ರಷ್ಯಾದಿಂದ ನೂರು ವರ್ಷಕ್ಕಿಂತ ಹಳೆಯ ಸಾಂಸ್ಕೃತಿಕ ವಸ್ತುಗಳನ್ನು ಹೊರತರಲು ಅಲ್ಲಿನ ಸರ್ಕಾರದ ಪರಿಶೀಲನೆ ಮತ್ತು ಅನುಮತಿ ಬೇಕು. ಸಾಮ್ರಾಜ್ಯ ಕಾಲದ ಎಲ್ಲ ನಾಣ್ಯಗಳೂ ಈಗ ಆ ವಯಸ್ಸು ದಾಟಿವೆ. ಮಾಸ್ಕೋ ಪ್ರವಾಸದಲ್ಲಿ ಸಂತೆಯಿಂದ ಕೊಂಡು ಚೀಲದಲ್ಲಿ ಹಾಕಿಕೊಂಡು ಬರುವ ಆಸೆ ಬೇಡ.

ನಮ್ಮ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ವ್ಯಾಖ್ಯೆಯಲ್ಲೂ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೇ. ಪುರಾತನ ವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಹಾಗಾಗಿ ಹೊರದೇಶದಿಂದ ತಂದ ರೂಬಲ್ ಅನ್ನು ಮುಂದೊಮ್ಮೆ ಅಲ್ಲಿನ ಹರಾಜಿಗೆ ಕಳುಹಿಸುತ್ತೇನೆ ಎಂಬ ಲೆಕ್ಕದಲ್ಲಿ ಹಣ ಹೂಡಬೇಡಿ. ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಸಂಗ್ರಹವನ್ನು 'ತೋರಿಸಲು' ತರುವ ಮುನ್ನ ಇದನ್ನು ಎರಡು ಬಾರಿ ಯೋಚಿಸಬೇಕು. ತರುವುದೇ ಆದರೆ ಘೋಷಣೆ ಮಾಡಿ, ಸುಂಕದ ರಸೀದಿ, ಹರಾಜಿನ ಬಿಲ್ಲು, ಲಕೋಟೆ ಎಲ್ಲವನ್ನೂ ಉಳಿಸಿಕೊಳ್ಳಿ. ದೊಡ್ಡ ಮೊತ್ತವಾದರೆ ವಕೀಲರ ಸಲಹೆ ಪಡೆಯಿರಿ.

ಒಂಬತ್ತನೇ ಹೆಜ್ಜೆ: ಕಾಪಾಡುವುದು

ಹಬ್ಬದ ಮುನ್ನ ಬೆಳ್ಳಿಯ ದೀಪ, ತಟ್ಟೆಗಳನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ಉಜ್ಜಿ ಫಳಫಳ ಹೊಳೆಸುವುದು ನಮ್ಮ ಮನೆಗಳ ರೂಢಿ. ನಾಣ್ಯಕ್ಕೆ ಅದನ್ನು ಎಂದೂ ಮಾಡಬೇಡಿ, ಮನೆಯವರಿಗೂ ಮೊದಲೇ ತಿಳಿಸಿ. ಶತಮಾನದಲ್ಲಿ ಕೂಡಿಬಂದ ಬೂದು, ನೀಲಿ, ಹೊಂಬಣ್ಣದ ಪದರ ನಾಣ್ಯದ ಚರ್ಮ. ಒಮ್ಮೆ ಉಜ್ಜಿದರೆ ಮೈತುಂಬ ಕೂದಲೆಳೆಯಂಥ ಗೀರುಗಳು ಮೂಡುತ್ತವೆ, ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಮರಳಿ ಬರುವುದಿಲ್ಲ.

ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್‌ಗಳು ನಮ್ಮ ಸೆಕೆಯಲ್ಲಿ ಹಸಿರು ಅಂಟನ್ನು ಬಿಡುತ್ತವೆ. ಬದಲಿಗೆ ಅಳತೆಗೆ ತಕ್ಕ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಬಳಸಿ. 1886ರ ನಂತರದ ರೂಬಲ್‌ಗೆ 34 ಮಿಲಿಮೀಟರ್ ಒಳವ್ಯಾಸದ್ದು ಸರಿಹೊಂದುತ್ತದೆ, ಅದಕ್ಕೂ ಹಿಂದಿನ 35.5 ಮಿಲಿಮೀಟರ್ ರೂಬಲ್‌ಗೆ 36ರದ್ದು. ರಬ್ಬರ್ ಬ್ಯಾಂಡ್, ಪತ್ರಿಕೆಯ ಹಾಳೆ, ಹೊಸ ಮರದ ಪೆಟ್ಟಿಗೆ ಇವೆಲ್ಲ ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಇರುವವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಆಗಾಗ ಬದಲಿಸಬೇಕು. ನಾಣ್ಯವನ್ನು ಹಿಡಿಯುವಾಗ ಬೆರಳು ತಾಗುವುದು ಅಂಚಿಗೆ ಮಾತ್ರ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಇರಲಿ: ವರ್ಷ, ಟಂಕಸಾಲೆ, ಅಂಚಿನ ಅಕ್ಷರಗಳು, ನೀವೇ ತೂಗಿದ ತೂಕ, ವ್ಯಾಸ, ಕೊಂಡ ಸ್ಥಳ ಮತ್ತು ದಿನಾಂಕ. ಎರಡೂ ಮುಖಗಳ ಜೊತೆಗೆ ಅಂಚಿನ ಚಿತ್ರವನ್ನೂ ತೆಗೆಯಿರಿ. ಅಂಚನ್ನು ಒಂದೇ ಚಿತ್ರದಲ್ಲಿ ಹಿಡಿಯಲಾಗದು. ನಾಣ್ಯವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಆರು ಚಿತ್ರ ತೆಗೆದರೆ ಪೂರ್ತಿ ಬರಹ ಬರುತ್ತದೆ. ಕಳವಾದರೆ ಪೊಲೀಸರಿಗೂ ವಿಮಾ ಸಂಸ್ಥೆಗೂ ಕೊಡಲು ಅದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ, ಏಕೆಂದರೆ ಅಂಚಿನ ಬರಹ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ತುಸು ಮಸುಕಾಗಿದೆ, ಎಲ್ಲಿ ಪೆಟ್ಟು ಬಿದ್ದಿದೆ ಎಂಬುದು ಒಂದೊಂದು ನಾಣ್ಯದಲ್ಲೂ ಬೇರೆ. ಚಿತ್ರಗಳ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲಿ ಇರಲಿ. ಈ ಕಡತ ಎಲ್ಲಿದೆ, ಯಾವ ನಾಣ್ಯ ಅಪರೂಪದ್ದು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಇಲ್ಲದಿದ್ದರೆ 1904ರ ರೂಬಲ್ ಒಂದು ದಿನ ಹಳೆ ಬೆಳ್ಳಿಯ ತೂಕದ ಬೆಲೆಗೆ ಅಕ್ಕಸಾಲಿಗನ ಮೂಸೆ ಸೇರುತ್ತದೆ.